ಟೌನ್‌ಹಾಲ್‌ನಲ್ಲಿ ಇಳಿಯುವವರು

ಗುಡ್ಡದ ಬಸ್ಸಿನ ಡ್ರೈವರ್‌ಗೆ ಫುಟ್‌ಬಾಲ್ ಹುಚ್ಚು. ಆದರೆ ಇಪ್ಪತ್ತು ವರ್ಷಗಳಿಂದ ಅವನು ಒಂದೇ ಒಂದು ಮ್ಯಾಚನ್ನೂ ಕಣ್ಣಾರೆ ಕಂಡವನಲ್ಲ. ಮ್ಯಾಚ್ ಇರುವ ದಿನ ಅವನಿಗೆ ರಜೆ ಸಿಕ್ಕುವುದಿಲ್ಲ, ಅಷ್ಟೇ ಕಾರಣ. ಗುಡ್ಡದ ಮೇಲಿನ ಬಡಾವಣೆಯ ಜನರನ್ನೆಲ್ಲ ತುಂಬಿಕೊಂಡು, ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಕೆಳಗಿಳಿದು, ಅವರನ್ನು ಸ್ಟೇಡಿಯಂ ಗೇಟಿನ ಮುಂದೆ ಸುರಿದು, ಆಟ ಮುಗಿಯುವ ತನಕ ಹಿಂದಿನ ಬೀದಿಯಲ್ಲಿ ಬಸ್ ನಿಲ್ಲಿಸಿಕೊಂಡು ಕಾಯಬೇಕು. ಆಮೇಲೆ ಅವರನ್ನೇ ತುಂಬಿಕೊಂಡು ಮತ್ತೆ ಗುಡ್ಡ ಹತ್ತಬೇಕು. ಗೋಡೆಯ ಆಚೆ ಇಡೀ ಊರು ಕೂಗುತ್ತಿರುತ್ತದೆ, ಈಚೆ ಇವನು ಸ್ಟೀರಿಂಗ್ ಮೇಲೆ ಗಲ್ಲ ಊರಿಕೊಂಡು ಕಿವಿಯಲ್ಲೇ ಆಟ ನೋಡುತ್ತಿರುತ್ತಾನೆ.

ಅದಕ್ಕೇ ಗುಡ್ಡದವರು ಅವನಿಗಾಗಿ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮ್ಯಾಚ್ ಮುಗಿಸಿ ಬಸ್ ಹತ್ತುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು. ಅವರು ಹತ್ತುವ ರೀತಿ ನೋಡಿ ಸ್ಕೋರ್ ಎಷ್ಟೆಂದು ಡ್ರೈವರೇ ಹೇಳಬೇಕು. ಹೇಳಿದ ಮೇಲೆ ಬೇಕಾದಷ್ಟು ಕುಣಿಯಬಹುದು, ಇಲ್ಲವೇ ರೆಫ್ರಿಯನ್ನು ಏಳು ತಲೆಮಾರಿನವರೆಗೆ ಬೈಯಬಹುದು. ಇದನ್ನು ಶುರು ಮಾಡಿದವನು ಅವನ ಭಾವ. ಅಕ್ಕನ ಗಂಡ ಅನ್ನುವುದು ಆಮೇಲಿನ ಮಾತು, ಅದಕ್ಕೂ ಮೊದಲು ಭಾವ ಇದೇ ಬಸ್ಸಿನ ಕಂಡಕ್ಟರ್. "ಮುಖ ನೋಡ್ಬೇಡ ಕಣೋ, ಕಾಲು ನೋಡು," ಎಂದು ಹೇಳಿಕೊಟ್ಟವನು ಅವನೇ. "ಮುಖ ಸುಳ್ಳು ಹೇಳುತ್ತೆ. ಮೊದಲನೇ ಮೆಟ್ಟಿಲ ಮೇಲೆ ಇಡೋ ಕಾಲಿಗೆ ಸುಳ್ಳು ಹೇಳೋಕೆ ಬರಲ್ಲ." ಸೋತವರು ಹಿಡಿಕೆ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಗೆದ್ದವರಿಗೆ ಹಿಡಿಕೆ ಇದೆಯೆಂಬುದೇ ನೆನಪಿರುವುದಿಲ್ಲ. ಡ್ರಾ ಆದವರು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಡ್ರೈವರ್ ಎಷ್ಟು ಪಳಗಿದ್ದನೆಂದರೆ, ಗೋಲುಗಳ ಲೆಕ್ಕವೂ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು.

ಭಾವನ ಕಿಡ್ನಿಗಳು ಕೈಕೊಟ್ಟು ಈಗ ಮೂರು ವರ್ಷ. ಕಂಡಕ್ಟರ್ ಕೆಲಸ ಬಿಟ್ಟರೂ ಆ ಬಸ್ಸು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ವಾರಕ್ಕೆ ಮೂರು ಬೆಳಗ್ಗೆ ಅದರಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿದ ಬಟ್ಟೆಯಂತಾಗಿ ಅದರಲ್ಲೇ ವಾಪಸ್ ಬರುತ್ತಿದ್ದ. ಬಸ್ ಸ್ಟಾಪ್ ಮನೆಯ ಬಾಗಿಲಿಗೇ ಇತ್ತು. ಬಸ್ಸಿಲ್ಲದಿದ್ದರೆ ಗುಡ್ಡದಿಂದ ಕೆಳಕ್ಕಿರುವ ದಾರಿ ಕಲ್ಲಿನ ಮೆಟ್ಟಿಲು, ಗಟ್ಟಿ ಆಳಿಗೇ ಏದುಸಿರು ತರಿಸುವಂಥದ್ದು. ಬಾಡಿಗೆ ಕಾರಿನವರು ಆ ಕಡಿದಾದ ರಸ್ತೆಯ ಹೆಸರು ಕೇಳಿದರೇ ಫೋನ್ ಇಡುತ್ತಿದ್ದರು. ಇಡದಿದ್ದರೂ ವಾರಕ್ಕೆ ಮೂರು ಸಲ ಕಾರು ಕರೆಸುವಂಥ ಮನೆಯೇನೂ ಅದಲ್ಲ.

ಹೀಗಿರುವಾಗ ಫುಟ್‌ಬಾಲ್ ತಂಡದ ಯಜಮಾನರು ನಗರಸಭೆಗೆ ಒಂದು ಮಾತು ಮುಟ್ಟಿಸಿದರು. ಸ್ಟೇಡಿಯಂ ಹಳೆಯದಾಯಿತು, ಚಾವಣಿ ಸೋರುತ್ತದೆ, ದೀಪಗಳು ನೆಚ್ಚುವ ಹಾಗಿಲ್ಲ. ಊರಿನ ಖರ್ಚಿನಲ್ಲಿ ಹೊಸದು ಕಟ್ಟಿಸಿ ಕೊಡಿ, ಇಲ್ಲವಾದರೆ ತಂಡವನ್ನು ಬೇರೆ ಊರಿಗೆ ಒಯ್ಯುತ್ತೇವೆ. ಆಟಗಾರರನ್ನು ಮಾರುವವರು ಅವರು, ಟಿಕೆಟ್ ಹಣ ಎಣಿಸುವವರು ಅವರು, ಗೋಡೆ ಕಟ್ಟಿಸಲಿಕ್ಕೆ ಮಾತ್ರ ಊರು ಬೇಕು! ನಗರಸಭೆಯವರೋ, ತಂಡ ಹೊರಟುಹೋದರೆ ಮುಂದಿನ ಚುನಾವಣೆಯಲ್ಲಿ ತಮಗೂ ಊರು ಬಿಡುವ ಗತಿ ಬಂದೀತೆಂದು ಹೆದರಿ, ಆಗಲಿ ಎಂದರು. ಹಣ ಎಲ್ಲಿಂದ ತರುವುದೆಂದು ಹುಡುಕಿದಾಗ ಕೆಲವು ಬಸ್ಸುಗಳು ಕಣ್ಣಿಗೆ ಬಿದ್ದವು, ಅವನ್ನು ನಿಲ್ಲಿಸಿದರೆ ಅಷ್ಟು ಹಣ ಉಳಿದೀತು. ಗುಡ್ಡದ ಬಸ್ಸು ಅವುಗಳಲ್ಲಿ ಮೊದಲನೆಯದು. ಖಾಲಿ ಓಡುವ ಬಸ್ಸು ಎಂದು ಅದಕ್ಕೆ ಹೆಸರಿಟ್ಟರು. ನಡುಮಧ್ಯಾಹ್ನ ಬಂದು ಇಣುಕಿದವರಿಗೆ ಖಾಲಿಯೇ ಕಂಡೀತು. ಬೆಳಗ್ಗೆ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ ಹೋಗುವವರು ಬಾಗಿಲಲ್ಲಿ ನೇತಾಡುವುದನ್ನು ನೋಡಲು ಆ ಮಹನೀಯರಿಗೆ ಅಷ್ಟು ಬೇಗ ಎಚ್ಚರವಾಗಬೇಕಲ್ಲ.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಹಿಂದೆ ಭಾವನ ಮಂಚ. ಗುಡ್ಡದ ಅಭಿಮಾನಿಗಳ ಬಾವುಟಗಳೆಲ್ಲ ಆ ಯಂತ್ರದಲ್ಲೇ ಹುಟ್ಟಿದವು. ವಾರ್ಡ್ ಮೆಂಬರಮ್ಮ ಕೋಟು ಸಡಿಲ ಮಾಡಿಸಲು ಬಂದ ದಿನ ಅಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅವರನ್ನು ತರಾಟೆಗೆ ತೆಗೆದುಕೊಂಡಳು. ಡ್ರೈವರ್ ಊಟದ ಬಿಡುವಿನಲ್ಲಿ ಅಲ್ಲೇ ಕೂತಿದ್ದ.

"ನಾನೇನು ಮಾಡ್ಲಿ ಅಕ್ಕ?" ಎಂದರು ಮೆಂಬರಮ್ಮ. "ಬುಧವಾರ ಸಂಜೆ ಐದಕ್ಕೆ ಟೌನ್‌ಹಾಲ್‌ನಲ್ಲಿ ಜನರ ಅಹವಾಲು ಕೇಳ್ತಾರೆ. ಕೇಳಿದ ತಕ್ಷಣ ಅಲ್ಲೇ ವೋಟು. ಹಾಲ್ ತುಂಬಿಸಿ ತೋರ್ಸಿ, ನಾನು ನಿಮ್ ಕಡೆ ಕೈ ಎತ್ತೀನಿ. ಇನ್ನೂ ಮೂರು ಜನ ನನ್ನ ಮುಖ ನೋಡ್ಕೊಂಡು ಕೂತಿದಾರೆ, ಅವರೂ ಎತ್ತಾರೆ. ಖಾಲಿ ಕುರ್ಚಿ ಇಟ್ಕೊಂಡು ಯಾವ ಬಾಯಲ್ಲಿ ಬೇಡ ಅನ್ಲಿ? ಗುಡ್ಡದವರೇ ಆ ತಂಡದ ದೊಡ್ಡ ಹುಚ್ಚರು, ನಿಮಗೇನ್ರೀ ಸಂಕಟ ಅಂತಾರೆ."

ಅಕ್ಕ ಮನೆ ಮನೆ ಹತ್ತಿಳಿದಳು. ಎಲ್ಲರೂ ಬರುತ್ತೇವೆಂದರು. ಯಾರೂ ಬಾಯಿಮಾತಿಗೆ ಹೇಳಲಿಲ್ಲ, ನಿಜವಾಗಿ ಹೊಟ್ಟೆ ಉರಿದುಕೊಂಡೇ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ಕತ್ತರಿ. ಅವನು ಗುಡ್ಡದ ಕ್ಷೌರಿಕ, ಸ್ಟೇಡಿಯಂನಲ್ಲಿ ಗುಡ್ಡದವರ ಘೋಷಣೆಗಳಿಗೆಲ್ಲ ಮೊದಲ ಧ್ವನಿ. "ಅಂಗಡಿ ಬಾಗಿಲು ಹಾಕ್ಕೊಂಡು ಬರ್ತೀನಿ ಅಕ್ಕ. ಅರ್ಧ ಗಡ್ಡ ಹೆರೆದವನನ್ನ ಹಾಗೇ ಬಿಟ್ಟು ಬರ್ತೀನಿ," ಎಂದ. ಅಕ್ಕ ಬಾವುಟಕ್ಕೆ ತಂದು ಉಳಿದಿದ್ದ ಹಸಿರು ಬಟ್ಟೆ ಜೋಡಿಸಿ, ಬಿಳಿ ಅಕ್ಷರ ಕತ್ತರಿಸಿ ಕೂರಿಸಿ, ಎರಡು ಕೋಲಿಗೆ ಸಿಕ್ಕಿಸಿ ಒಂದು ಬ್ಯಾನರ್ ಹೊಲಿದಳು. ‘ಗುಡ್ಡಕ್ಕೆ ಬಸ್ ಬೇಕು’ ಅಂತ. ತಂಡದ ಬಣ್ಣವೂ ಅದೇ ಹಸಿರು, ಅದೇ ಬಿಳಿ. ಬೇರೆ ಬಣ್ಣದ ಬಟ್ಟೆ ಆ ಮನೆಯಲ್ಲಿ ಎಲ್ಲಿಂದ ಬರಬೇಕು?

ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಭಾನುವಾರದ ಮ್ಯಾಚಿನಲ್ಲಿ ದೀಪಗಳು ಹೋದವು.

ಲೀಗಿನ ಕೊನೆಯ ಮ್ಯಾಚ್ ಅದು. ಗೆದ್ದರೆ ಮೇಲಿನ ದರ್ಜೆಯಲ್ಲಿ ಉಳಿಯುವುದು, ಇಲ್ಲದಿದ್ದರೆ ಕೆಳಗಿನ ದರ್ಜೆಗೆ ಜಾರುವುದು. ಇನ್ನೂ ಒಂದು ಗೋಲೂ ಬಿದ್ದಿರಲಿಲ್ಲ, ಮೈದಾನ ಕಗ್ಗತ್ತಲಾಯಿತು. ಎಷ್ಟು ಹೊತ್ತಾದರೂ ದೀಪ ಬರಲಿಲ್ಲ. ಜನ ಸಪ್ಪೆ ಮುಖ ಹಾಕಿಕೊಂಡು ಬಸ್ ಹತ್ತಿದರು. ಅವರ ಕಾಲಿನಲ್ಲಿ ಡ್ರೈವರ್‌ಗೆ ಏನೂ ಕಾಣಿಸಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಂತು: ಮ್ಯಾಚನ್ನು ಮೊದಲಿನಿಂದ ಮತ್ತೆ ಆಡಿಸುತ್ತಾರೆ, ದೀಪಗಳ ಹಂಗು ಬೇಡವೆಂದು ಹಗಲು ಬೆಳಕಿನಲ್ಲೇ, ಬುಧವಾರ ಸಂಜೆ ಐದಕ್ಕೆ.

ಅಕ್ಕ ನಗರಸಭೆಗೆ ಹೋಗಿ ದಿನ ಮುಂದಕ್ಕೆ ಹಾಕಲು ಕೇಳಿಕೊಂಡಳು. ಅಲ್ಲಿನ ಗುಮಾಸ್ತ, ಒಂದು ಸಲ ಪ್ರಕಟಿಸಿದ ದಿನ ಪ್ರಕಟಿಸಿದ್ದೇ, ಫುಟ್‌ಬಾಲಿಗೋಸ್ಕರ ಸರ್ಕಾರ ನಡೆಯಲ್ಲ ಎಂದ. ಫುಟ್‌ಬಾಲಿಗೋಸ್ಕರವೇ ಬಸ್ ನಿಲ್ಲಿಸುತ್ತಿದ್ದವರ ಬಾಯಲ್ಲಿ ಈ ಮಾತು ಕೇಳಿ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ.

"ಬರ್ತಾರೆ ಕಣೋ," ಎಂದಳು ತಮ್ಮನಿಗೆ. "ನಿಮ್ ಭಾವನ ಸಂಗತಿ ಯಾರಿಗೆ ಗೊತ್ತಿಲ್ಲ? ಇವರ ಕೈಯಲ್ಲಿ ಟಿಕೆಟ್ ತಗೊಳ್ಳದವರು ಈ ಗುಡ್ಡದಲ್ಲಿ ಯಾರಿದಾರೆ?"

ಭಾವ ಮಂಚದ ಮೇಲೆ ಗೋಡೆಯಲ್ಲಿದ್ದ ತಂಡದ ಫೋಟೊ ನೋಡುತ್ತ ಮಲಗಿದ್ದ. ಡ್ರೈವರ್ ಹ್ಞೂಂ ಅಂದ. ಅವನಿಗೆ ನಂಬಿಕೆ ಇರಲಿಲ್ಲ, ಇಲ್ಲವೆಂದು ಹೇಳುವ ತ್ರಾಣವೂ ಇರಲಿಲ್ಲ. ಇತ್ತೀಚೆಗೆ ಅವನಿಗೆ ಎಲ್ಲಕ್ಕೂ ಹಾಗೇ ಆಗುತ್ತಿತ್ತು. ಬೆಳಗ್ಗೆ ಎದ್ದಾಗಲೇ ಸಂಜೆಯಾದಂತೆ ಮೈ ಭಾರ.

ಬುಧವಾರ ಬೆಳಗ್ಗೆ ಭಾವನನ್ನು ಆಸ್ಪತ್ರೆಗೆ ಕರೆದೊಯ್ದು, ಮಧ್ಯಾಹ್ನ ತಂದು ಮಲಗಿಸಿದ್ದಾಯಿತು. ಡಯಾಲಿಸಿಸ್ ಆದ ದಿನ ಅವನಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಅಕ್ಕ ತನ್ನ ಬ್ಯಾನರನ್ನು ಸುರುಳಿ ಸುತ್ತಿ ಆಗಲೇ ಬಸ್ಸಿಗೆ ತಂದು, ಡ್ರೈವರ್ ಸೀಟಿನ ಹಿಂದಿನ ಸಂದಿಯಲ್ಲಿ ನಿಲ್ಲಿಸಿ ಹೋದಳು. ನಾಲ್ಕು ಗಂಟೆಗೆ ಗುಡ್ಡದ ಸ್ಟಾಪಿನಲ್ಲಿ ಜನ ನೆರೆದರು. ಹೆಂಗಸರು, ಗಂಡಸರು, ಕೋಲೂರಿಕೊಂಡವರು, ಎಲ್ಲರೂ. ಎಲ್ಲರ ಕೊರಳಲ್ಲೂ ಹಸಿರು ಬಿಳಿ ಶಾಲು. ಕತ್ತರಿಯ ಹೆಗಲ ಮೇಲೆ ಗುಡ್ಡದ ಹಳೆಯ ಬ್ಯಾನರ್, ‘ಗುಡ್ಡ ಎಂದೆಂದೂ ನಿಮ್ಮ ಬೆನ್ನಿಗಿದೆ’ ಅನ್ನುವುದು. ಅದನ್ನೂ ಅಕ್ಕನೇ ಹೊಲಿದದ್ದು. ಪ್ರತಿ ಮ್ಯಾಚಿಗೂ ಅದು ಡ್ರೈವರ್ ಸೀಟಿನ ಹಿಂದೆಯೇ ಪ್ರಯಾಣ ಮಾಡುತ್ತದೆ. ಕತ್ತರಿ ಎಂದಿನಂತೆ ಅದನ್ನು ಅಲ್ಲೇ ನಿಲ್ಲಿಸಿದ, ಅಕ್ಕನ ಸುರುಳಿಯ ಮುಂದೆ.

ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. ಅವಳ ಪಕ್ಕದಲ್ಲಿ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಗುಡ್ಡದ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಬಸ್ ತುಂಬಿದ್ದನ್ನು ತಿರುಗಿ ನೋಡಿ ಅಕ್ಕನ ಮುಖ ಅರಳಿತು.

"ನೋಡ್ದ್ಯಾ?" ಎಂದಳು ತಮ್ಮನಿಗೆ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಶಾಲುಗಳನ್ನು ನೋಡಿದ. ಗೇರ್ ಹಾಕಿದ.

ಇಳಿಜಾರಿನುದ್ದಕ್ಕೂ ಬಸ್ಸಿನಲ್ಲಿ ಹಾಡಿರಲಿಲ್ಲ. ಮ್ಯಾಚಿನ ದಿನ ಗುಡ್ಡದ ಬಸ್ಸು ಹಾಡಿಲ್ಲದೆ ಇಳಿದದ್ದು ಅದೇ ಮೊದಲಿರಬೇಕು. ಜನ ಕಿಟಕಿಯಾಚೆ ನೋಡುತ್ತಿದ್ದರು, ಮೊಬೈಲ್ ನೋಡುತ್ತಿದ್ದರು, ಅಕ್ಕನ ಬೆನ್ನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದರು. ಸೇತುವೆ ದಾಟಿ, ಮಾರುಕಟ್ಟೆ ದಾಟಿ, ಬಸ್ಸು ಟೌನ್‌ಹಾಲ್ ಸ್ಟಾಪಿಗೆ ಬಂತು. ಅಲ್ಲಿಂದ ಎರಡು ಸ್ಟಾಪ್ ಮುಂದೆ ಸ್ಟೇಡಿಯಂ.

ಡ್ರೈವರ್ ಬಾಗಿಲು ತೆರೆದ. ಅಕ್ಕ ಇಳಿದಳು. ಮೇಷ್ಟ್ರು ಇಳಿದರು. ಬೇಕರಿಯ ಅವಳಿ ಅಕ್ಕತಂಗಿಯರು ಇಳಿದರು, ಅವರಿಗೆ ಫುಟ್‌ಬಾಲ್ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆಮೇಲೆ ಯಾರೂ ಏಳಲಿಲ್ಲ.

"ಟೌನ್‌ಹಾಲ್," ಎಂದು ಡ್ರೈವರ್ ಕೂಗಿದ.

ಅವನು ಎಂಜಿನ್ ಆಫ್ ಮಾಡಿದ.

"ಟೌನ್‌ಹಾಲ್ ಬಂತು ಅಂತ ಹೇಳಿದ್ನಲ್ಲ," ಎಂದ ಮತ್ತೆ.

"ಅಲ್ಲ ಡ್ರೈವರಣ್ಣ," ಎಂದ ಕತ್ತರಿ. ಅವನ ಜೋರು ದನಿ ಎಲ್ಲೋ ಅಡಗಿಹೋಗಿತ್ತು. "ನಾವು ಬರಲ್ಲ ಅಂತಿಲ್ಲ. ಬೇರೆ ಯಾವ ದಿನ ಆಗಿದ್ರೂ ಬರ್ತಿದ್ವಿ. ಇವತ್ತು ಸೋತ್ರೆ ಕೆಳಗಿನ ದರ್ಜೆ ಅಣ್ಣ. ನಾವಿಲ್ದೆ ಹುಡುಗ್ರು ಆಡೋದು ಹ್ಯಾಗೆ?"

"ಮೊದಲರ್ಧ ಮುಗಿಸ್ಕೊಂಡು ಓಡಿ ಬರ್ತೀವಿ," ಎಂದರು ಹಿಂದಿನಿಂದ ಯಾರೋ.

"ಒಬ್ಬರು ಹೋಗದಿದ್ರೆ ಏನಂತೆ, ಬೇರೆ ಬೀದಿಯೋರು ಬಂದೇ ಬಂದಿರ್ತಾರೆ," ಎಂದಳು ಮತ್ತೊಬ್ಬಳು. ಬೇರೆ ಬೀದಿಯವರೂ ಅದೇ ಬಸ್ಸಿನಲ್ಲಿ ಕೂತಿದ್ದರು.

ಕೆಳಗೆ ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಾಲ್ಕು ಜನ ನಾಚಿಕೆಗಾದರೂ ಇಳಿಯುತ್ತಿದ್ದರೋ ಏನೋ. "ನೀನಾದ್ರೂ ಇಳಿತೀಯೇನೋ?" ಎಂದು ತಮ್ಮನನ್ನು ಕೇಳಿದಳು.

"ಡ್ಯೂಟಿ ಅಕ್ಕ," ಎಂದ.

ಸುಳ್ಳೇನಲ್ಲ. ಬಸ್ ಬಿಟ್ಟು ಇಳಿದರೆ ಡಿಪೋದವರು ಮನೆಗೆ ಕಳಿಸುತ್ತಿದ್ದರು. ಆದರೆ ಆ ಕ್ಷಣಕ್ಕೆ ಅವನಿಗೆ ನೆನಪಾದದ್ದು ಡಿಪೋ ಅಲ್ಲ. ಹಿಂದಿನ ಬೀದಿ, ಗೋಡೆ, ಗೋಡೆಯಾಚೆಯ ಕೂಗು. ಮೊದಲ ಗೋಲಿನ ಕೂಗು ತಪ್ಪಿಹೋಗುತ್ತದಲ್ಲ ಎಂಬ ಚಡಪಡಿಕೆ ಅವನ ಕಾಲಿನಲ್ಲೇ ಇತ್ತು, ಕ್ಲಚ್ಚಿನ ಮೇಲೆ. ಅದು ಗೊತ್ತಾಗಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಹಿಂದೆ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಬಸ್ಸಿನೊಳಗೆ ಯಾರೋ ಟೈಮಾಯ್ತು ಟೈಮಾಯ್ತು ಎಂದು ಗೊಣಗಿದರು.

"ಬ್ಯಾನರ್ ಕೊಡೋ," ಎಂದಳು ಅಕ್ಕ.

ಅವನು ತಿರುಗಿ ನೋಡದೆ, ವರ್ಷಗಟ್ಟಲೆ ಮಾಡಿಕೊಂಡು ಬಂದ ಹಾಗೆ, ಸೀಟಿನ ಹಿಂದಕ್ಕೆ ಕೈ ಚಾಚಿ ಸಿಕ್ಕಿದ ಸುರುಳಿಯನ್ನು ಎಳೆದು ಬಾಗಿಲಾಚೆ ಕೊಟ್ಟ. ಬಾಗಿಲು ಮುಚ್ಚಿಕೊಂಡಿತು.

ಹಿಂದಿನ ಬೀದಿಯಲ್ಲಿ ಅವನು ಆ ದಿನ ಕೇಳಿಸಿಕೊಂಡದ್ದು ಎರಡು ದೊಡ್ಡ ಕೂಗು, ನಡುವೆ ಒಂದು ನಿಟ್ಟುಸಿರು. ಎಂದಿನಂತೆ ಮೈ ಜುಮ್ಮೆನ್ನಲಿಲ್ಲ. ಅಕ್ಕ ಈಗ ಮಾತಾಡುತ್ತಿರಬಹುದು, ಈಗ ಮೇಷ್ಟ್ರು ಮಾತಾಡುತ್ತಿರಬಹುದು, ಎಂದುಕೊಳ್ಳುತ್ತ ಕೂತ. ಮೊದಲರ್ಧ ಮುಗಿದಾಗ ಗೇಟಿನ ಕಡೆ ಕತ್ತು ಉದ್ದ ಮಾಡಿ ನೋಡಿದ. ಟೌನ್‌ಹಾಲ್ ಕಡೆಗೆ ಓಡುವವರು ಯಾರೂ ಹೊರಗೆ ಬರಲಿಲ್ಲ.

ಮ್ಯಾಚ್ ಮುಗಿದು ಜನ ಬಂದರು. ಬಾಗಿಲು ತೆರೆಯಿತು. ಯಾರೂ ಮಾತಾಡಲಿಲ್ಲ, ಪದ್ಧತಿಯ ಪ್ರಕಾರ. ಡ್ರೈವರ್ ಕಾಲು ನೋಡಿದ. ಹಿಡಿಕೆ ಹಿಡಿದು ಎಳೆದುಕೊಂಡು ಹತ್ತುತ್ತಿದ್ದರು, ಒಬ್ಬರ ಹಿಂದೆ ಒಬ್ಬರು, ಎಲ್ಲರೂ ತಲೆ ತಗ್ಗಿಸಿಕೊಂಡು. ಎರಡು ಕೂಗು ಕೇಳಿಸಿದ್ದು ಬಹುಶಃ ಎದುರು ತಂಡದವರದ್ದಿರಬೇಕು ಎಂದುಕೊಂಡ.

"ಸೋತ್ವಿ," ಎಂದ. "ಎರಡು ಒಂದು."

ಕತ್ತರಿ, "ಗೆದ್ವಿ ಡ್ರೈವರಣ್ಣ," ಎಂದ. "ಎರಡು ಒಂದು. ಮೇಲಿನ ದರ್ಜೆಯಲ್ಲೇ ಉಳಿದ್ವಿ."

ಡ್ರೈವರ್‌ಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಗೆದ್ದವರು ಹೀಗೆ ಹತ್ತಿದ್ದನ್ನು ಅವನು ಹುಟ್ಟಿದಾಗಿಂದ ಕಂಡಿರಲಿಲ್ಲ. ಕತ್ತರಿ ಹೆಗಲ ಮೇಲಿದ್ದ ಸುರುಳಿಯನ್ನು ಕೆಳಗಿಳಿಸಿ, ಎರಡು ಮಡಿಕೆ ಬಿಚ್ಚಿ ತೋರಿಸಿದ. ಹಸಿರು ಬಟ್ಟೆಯ ಮೇಲೆ ಹೊಸ ಬಿಳಿ ಅಕ್ಷರಗಳು: ‘ಬಸ್ ಬೇಕು’.

"ಹಿಡ್ಕೊಂಡೋರಿಗೆ ಅಕ್ಷರ ಕಾಣಲ್ವಲ್ಲ ಅಣ್ಣ, ನಮಗೆ ಬರೀ ಹಿಂಭಾಗ," ಎಂದ. "ಮ್ಯಾಚ್ ಪೂರ್ತಿ ಎತ್ತಿ ಹಿಡಿದ್ವಿ. ಕೈ ಬಿದ್ದುಹೋಗೋವರೆಗೂ ಹಿಡಿದ್ವಿ. ಸುತ್ತೋವಾಗ ನೋಡಿದ್ದು." ಆಮೇಲೆ ಮೆಲ್ಲಗೆ, "ಟೀವಿಯೋರೂ ತೋರ್ಸಿದ್ರಂತೆ," ಎಂದು ಸೇರಿಸಿದ.

ಸ್ಟೇಡಿಯಂ ತುಂಬ ಜನ ಅದನ್ನು ಓದಿದ್ದರು. ಓದಬೇಕಾಗಿದ್ದ ಹತ್ತಿಪ್ಪತ್ತು ಜನ ಆಗ ಟೌನ್‌ಹಾಲ್‌ನಲ್ಲಿ ಕೂತು ಬೇರೇನನ್ನೋ ಓದುತ್ತಿದ್ದರು. ಅದೇನೆಂದು ಡ್ರೈವರ್‌ಗೆ ಈಗ ಗೊತ್ತಾಯಿತು. ಸೀಟಿನ ಹಿಂದಕ್ಕೆ ಚಾಚಿದ್ದ ತನ್ನ ಕೈಯನ್ನು ನೋಡಿಕೊಂಡ. ಬೈಯಲು ಬೇರೆ ಯಾರೂ ಸಿಗಲಿಲ್ಲ.

ಟೌನ್‌ಹಾಲ್ ಸ್ಟಾಪಿನ ಬೆಂಚಿನ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಬೆಳಗಿನಿಂದ ಬ್ರೆಡ್ ಹಂಚಿ ಆಗಷ್ಟೇ ಬಿಡುವಾಗಿದ್ದ ಬೇಕರಿಯ ವ್ಯಾನು ಬಂದು ಅಕ್ಕತಂಗಿಯರನ್ನೂ ಮೇಷ್ಟ್ರನ್ನೂ ಕರೆದುಕೊಂಡು ಹೋಗಿತ್ತು, ತಮ್ಮ ಬರುತ್ತಾನೆಂದು ಇವಳು ಉಳಿದಿದ್ದಳು. ಬಾಗಿಲು ತೆರೆಯಿತು. ಅಕ್ಕ ಹಿಡಿಕೆ ಹಿಡಿದಳು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು, ಅಲ್ಲೇ ಸ್ವಲ್ಪ ನಿಂತಳು, ಆಮೇಲೆ ಹತ್ತಿದಳು. ಡ್ರೈವರ್ ಬೇಡವೆಂದುಕೊಂಡರೂ ನೋಡಿದ. ಬಾಗಿಲು ಮುಚ್ಚಿ ಗೇರ್ ಹಾಕಿದ.

ಬಸ್ಸು ಸೇತುವೆ ದಾಟಿತು. ಆಮೇಲೆ ಅಕ್ಕ ಮುಂದಿನ ಸೀಟಿನಿಂದ, ತಮ್ಮನಿಗೆ ಮಾತ್ರ ಹೇಳುವವಳಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಒಂದು ಕೋಲು ನಾನು ಹಿಡಿದಿದ್ದೆ, ಇನ್ನೊಂದು ಆ ಹುಡುಗೀರು. ಮೇಷ್ಟ್ರು ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ನಿಮ್ ಭಾವನ ವಿಷಯ, ಶಾಲೆ ಮಕ್ಕಳ ವಿಷಯ, ಎಲ್ಲ. ನಗರಸಭೆಯೋರು ನಮ್ಮನ್ನ ನೋಡಿ ನಗ್ತಾ ಇದ್ರು. ಯಾಕೆ ನಗ್ತಾರೆ ಅಂತ ನನಗೆ ಗೊತ್ತಾಗ್ಲಿಲ್ಲ. ಕೊನೇಲಿ ಅಧ್ಯಕ್ಷರು ಎದ್ದು, ಗುಡ್ಡ ನಮ್ಮ ಬೆನ್ನಿಗಿದೆ ಅನ್ನೋದು ಇಲ್ಲೇ ಬರ್ದಿದೆ, ಉಳಿದ ಗುಡ್ಡದವರೆಲ್ಲ ಎಲ್ಲಿದಾರೆ ಅನ್ನೋದೂ ನಮಗೆ ಗೊತ್ತಿದೆ, ಅವರಿಗೆ ಧನ್ಯವಾದ ಅಂದ್ರು. ಕುರ್ಚಿಗಳೆಲ್ಲ ಖಾಲಿ ಕಣೋ. ಮೆಂಬರಮ್ಮ ನನ್ನ ಮುಖ ಕೂಡ ನೋಡ್ಲಿಲ್ಲ. ಮುಂದಿನ ತಿಂಗಳಿಂದ ಬಸ್ ಇಲ್ಲ."

"ಅಕ್ಕ, ಸುರುಳಿ ಕೊಟ್ಟಿದ್ದು ನಾನು," ಎಂದ ಡ್ರೈವರ್.

"ನೀನು ಸರಿಯಾದ್ದೇ ಕೊಟ್ಟಿದ್ರೂ ಅಷ್ಟೇ," ಎಂದಳು ಅಕ್ಕ. "ಖಾಲಿ ಕುರ್ಚಿ ಖಾಲೀನೇ."

ಗುಡ್ಡದ ಸ್ಟಾಪಿನಲ್ಲಿ ಜನ ಇಳಿದರು. ಒಬ್ಬೊಬ್ಬರೂ ಅಕ್ಕನ ಸೀಟಿನ ಹತ್ತಿರ ಒಂದು ಕ್ಷಣ ನಿಧಾನಿಸಿ ಇಳಿದರು. ಕತ್ತರಿ ಸುರುಳಿಯನ್ನು ಅವಳ ಕಾಲ ಹತ್ತಿರ ಇಟ್ಟು, ಕಣ್ಣೊರೆಸಿಕೊಂಡು ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಡ್ರೈವರ್‌ಗೆ ಅದೂ ಆಗಲಿಲ್ಲ.

ಡ್ರೈವರ್ ಬಸ್ಸನ್ನು ಅಲ್ಲೇ ನಿಲ್ಲಿಸಿ ಅಕ್ಕನ ಜೊತೆ ಮನೆಯ ಕಡೆ ನಾಲ್ಕು ಹೆಜ್ಜೆ ನಡೆದ. ಇನ್ನೂ ಹೊಸ್ತಿಲು ತಲುಪಿರಲಿಲ್ಲ, ಒಳಗಿನಿಂದ ಭಾವನ ದನಿ ಕೇಳಿಸಿತು. ಮಧ್ಯಾಹ್ನ ತಲೆ ಎತ್ತಲಾರದವನು ಈಗ ದಿಂಬಿಗೆ ಒರಗಿ ಎದ್ದು ಕೂತಿದ್ದ. ಎದುರಿಗೆ ಟೀವಿ, ಕೊರಳಲ್ಲಿ ಶಾಲು, ಮುಖದಲ್ಲಿ ತಿಂಗಳುಗಳಿಂದ ಕಾಣದಿದ್ದ ಕಳೆ.

"ಏ, ಬಂದ್ಯೇನೇ? ಟೀವಿ ನೋಡಿದ್ಯಾ? ನಿನ್ನ ಬ್ಯಾನರು ಟೀವೀಲಿ ಬಂತು ಕಣೇ!" ಎಂದ. "ಎರಡೆರಡು ಸಲ ತೋರ್ಸಿದ್ರು! ಅದನ್ನ ಸ್ಟೇಡಿಯಂಗೇ ಕಳಿಸಿದ್ರಲ್ಲ, ಎಂಥಾ ತಲೆ ಓಡಿಸಿದ್ರಿ! ಊರಿಗೆ ಊರೇ ನೋಡಿದೆ. ಇನ್ನು ಬಸ್ ನಿಲ್ಲಿಸೋ ಧೈರ್ಯ ಯಾರಿಗಿದೆ, ನಿಲ್ಲಿಸ್ಲಿ ನೋಡ್ತೀನಿ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದು ಕಾಲು ಎತ್ತಿ ಹೊಸ್ತಿಲ ಒಳಗಿಟ್ಟಳು.

ಭಾವ ಆ ಕಾಲನ್ನು ನೋಡಿದ. ವರ್ಷಗಟ್ಟಲೆ ಬಸ್ಸಿನ ಬಾಗಿಲಲ್ಲಿ ನಿಂತು ಅದೊಂದನ್ನೇ ನೋಡಿದವನು. ರಿಮೋಟ್ ಹುಡುಕಿ ಟೀವಿಯ ಸದ್ದು ಅಡಗಿಸಿದ.

"ಸೋತ್ವಾ?" ಎಂದ.

"ಹ್ಞೂಂ," ಎಂದಳು ಅಕ್ಕ.

"ಎಷ್ಟು ಜನ ಇದ್ರು ನಮ್ಮ ಕಡೆ?"

"ನಾಲ್ಕು."

ಭಾವ ಕೊರಳಿನ ಶಾಲನ್ನು ತೆಗೆದ. ಮಡಿಸಿದ. ಬಹಳ ಹೊತ್ತು ಹಿಡಿದು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಡ್ರೈವರ್ ಹೊಸ್ತಿಲಾಚೆಯೇ ನಿಂತಿದ್ದ. ತಾನು ಮಾಡಿದ್ದನ್ನು ಹೇಳಿಬಿಡಬೇಕು, ಗುಡ್ಡದವರೆಲ್ಲರ ಹೆಸರು ಹಿಡಿದು ಬೈಯಬೇಕು, ಹೇಗಾದರೂ ಭಾವನನ್ನು ಬೆನ್ನ ಮೇಲೆ ಹೊತ್ತಾದರೂ ಇಳಿಸುತ್ತೇನೆಂದು ಆಣೆ ಮಾಡಬೇಕು ಎಂದೆಲ್ಲ ಅವನಿಗೆ ಅನಿಸಿತು. ಆದರೆ ಆ ಮೆಟ್ಟಿಲು, ವಾರಕ್ಕೆ ಮೂರು ಸಲ! ಅವನ ಬೆನ್ನಿಗೇ ಐವತ್ತು ದಾಟಿತ್ತು.

"ಯಾರ ಮೇಲೂ ಸಿಟ್ಟು ಮಾಡ್ಕೋಬೇಡ," ಎಂದ ಭಾವ ಹೆಂಡತಿಗೆ. "ಒಂದು ಮಾತು ಹೇಳ್ತೀನಿ, ಬೈಬೇಡ. ನನಗೆ ಕಾಲಲ್ಲಿ ಶಕ್ತಿ ಇದ್ದು, ಇವತ್ತು ಆ ಬಸ್ಸಲ್ಲಿ ಕೂತಿದ್ದಿದ್ರೆ, ನಾನೂ ಟೌನ್‌ಹಾಲ್‌ನಲ್ಲಿ ಇಳಿತಿರಲಿಲ್ಲ ಕಣೇ."

ಅಕ್ಕ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿಬಂತು. ಮನೆ ಮನೆ ಹತ್ತಿಳಿದ ಆಯಾಸವೆಲ್ಲ ಒಟ್ಟಿಗೇ ಬಂದಂತೆ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಸಿದು ಕೂತಳು.

"ಗೊತ್ತು ನನಗೆ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಎರಡನೇ ಗೋಲು ಹ್ಯಾಗೆ ಬಂತು, ಅದನ್ನಾದ್ರೂ ಹೇಳಿ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, "ನೀನೂ ಬಾರೋ ಒಳಗೆ. ನೀನೆಲ್ಲಿ ನೋಡಿರ್ತೀಯ," ಎಂದು ತಮ್ಮನನ್ನು ಕರೆದಳು.

ಡ್ರೈವರ್ ಒಳಗೆ ಬಂದು ಮಂಚದ ಕಾಲಬದಿಯಲ್ಲಿ ಕೂತ. ಬಸ್ಸು ಹೊರಗೆ ಬಾಗಿಲು ತೆರೆದುಕೊಂಡೇ ನಿಂತಿತ್ತು. ಎಡಗಡೆಯಿಂದ ಚೆಂಡು ಹೇಗೆ ಬಂತು, ಯಾರು ಯಾರನ್ನು ದಾಟಿದರು, ಗೋಲ್‌ಕೀಪರ್ ಯಾವ ಕಡೆ ಹಾರಿದ ಎಂದು ಭಾವ ಹೇಳತೊಡಗಿದ, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಕೈ ಎತ್ತಿ ಎತ್ತಿ. ಅಕ್ಕ, ತಮ್ಮ ಇಬ್ಬರೂ ಕೇಳಿದರು.